ಎತ್ತಿ ಕುಡಿಯುವವನು

ಅಲ್ಲ, ಆ ಲೋಟ ಸ್ಟೀಲಿನದಾಗಿರಲಿಕ್ಕಿಲ್ಲ. ಹಿತ್ತಾಳೆಯದೇ ಇರಬೇಕು, ಅವನ ತಾಯಿ ಧಾರವಾಡದಿಂದ ತಂದ ಪಾತ್ರೆಗಳೆಲ್ಲ ಹಿತ್ತಾಳೆಯವು. ಆದರೂ ನನ್ನ ಕಣ್ಣಿಗೆ ಕಟ್ಟಿರುವುದು ಸ್ಟೀಲಿನ ಲೋಟವೇ. ಅದರ ಅಂಚಿನಲ್ಲಿ ಕಿಟಕಿಯ ಬೆಳಕು. ಅದನ್ನು ಅವನು ತುಟಿಯಿಂದ ಗೇಣು ಮೇಲೆ ಹಿಡಿದು, ತಲೆ ಹಿಂದೆ ಚೆಲ್ಲಿ, ಬಾಯೊಳಗೆ ನೀರು ಸುರಿದುಕೊಳ್ಳುತ್ತಿದ್ದಾನೆ. ಒಂದು ಹನಿ ಗದ್ದದಿಂದ ಇಳಿದು ಅಂಗಿಯ ಗುಂಡಿಯ ಮೇಲೆ ನಿಂತಿದೆ. ಆ ಹನಿ ನಾನು ಕಂಡದ್ದೋ, ಬರೆಯಲು ಕೂತ ಮೇಲೆ ಬಂದದ್ದೋ ಹೇಳಲಾರೆ.

ಅವನು ಹೋದ ಸುದ್ದಿ ಬಂದಾಗ ಮೊದಲು ಎದ್ದು ನಿಂತದ್ದು ಈ ಚಿತ್ರ. ಹೃದಯದ ತೊಂದರೆ, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು ಎಂದರು. ಬೇರೆ ಯಾವ ರೋಗವೂ ಅವನಿಗಿರಲಿಲ್ಲ. ಈ ಮಾತನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂಬುದೇ ಅವನ ಕಥೆ.

ಪುಣೆಯ ಧನಕವಡಿಯಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೆವು. ಅವನೂ ಅವನ ತಾಯಿಯೂ ಮೇಲಿನ ಮಹಡಿಯಲ್ಲಿ, ನಾನೂ ನನ್ನ ಹೆಂಡತಿಯೂ ಕೆಳಗೆ. ನಾನು ಹತ್ತಿರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಅವನು ಹೊಲಗಳಿಗೆ ಹನಿ ನೀರಾವರಿ ಹಾಕಿಸಿಕೊಡುವ ಕಂಪನಿಯೊಂದರಲ್ಲಿದ್ದ. ವಾರದ ಅರ್ಧ ಇಂದಾಪುರದ ಕಡೆಯ ಕಬ್ಬಿನ ತೋಟಗಳಲ್ಲಿ, ಉಳಿದರ್ಧ ಪುಣೆಯಲ್ಲಿ. ಎಸ್ಟಿ ಬಸ್ಸಿನಿಂದ ಇಳಿದವನ ಪ್ಯಾಂಟಿನ ಮಡಿಕೆಯಲ್ಲಿ ಕರಿ ಮಣ್ಣು ಇರುತ್ತಿತ್ತು. ಅದನ್ನು ಮೆಟ್ಟಿಲ ಕೆಳಗಿನ ತುಳಸಿ ಕುಂಡದಲ್ಲಿ ಜಾಡಿಸಿ, "ಫುಕಟ ಗೊಬ್ಬರ" ಎಂದು ನಗುತ್ತಿದ್ದ.

ಯಾರ ಮನೆಗೆ ಹೋದರೂ ಅವನ ಕೈ ನಲ್ಲಿಯ ಬುಡಕ್ಕೆ ಹೋಗುತ್ತಿತ್ತು. ಮಾತಾಡುತ್ತಲೇ ಪೈಪಿನ ಜೋಡಣೆಯ ಸುತ್ತ ಹೆಬ್ಬೆರಳು ಆಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವನು. "ಸೋರೂದಿಲ್ಲ ಅನ್ನೋ ಜಾಯಿಂಟ್ ನಾ ಇನ್ನೂ ನೋಡಿಲ್ಲಪಾ" ಎನ್ನುವನು. ಒಂದು ಸಲ ಪ್ರೆಶರ್ ತಡೆದರೆ ಆ ಪೈಪನ್ನು ನಂಬಬಾರದು, ಮತ್ತೆ ಮತ್ತೆ ಕೊಟ್ಟು ನೋಡಬೇಕು. ಇದು ಅವನ ಕೆಲಸದ ಧರ್ಮ. ರೈತರು ಅವನನ್ನು ಬಯಸುತ್ತಿದ್ದುದೂ ಇದಕ್ಕಾಗಿಯೇ. ಅವನು ಪೈಪು ಹಾಕಿಸಿದ ತೋಟಕ್ಕೆ ಎರಡನೆಯ ಸಲ ಯಾರೂ ಕರೆಯಬೇಕಾಗಿರಲಿಲ್ಲ. ಕರೆಯದೆಯೇ ಅವನು ಹೋಗಿ ನೋಡಿಬರುತ್ತಿದ್ದ.

ಅವನು ತನ್ನ ಅಂಜಿಕೆಯನ್ನು ಮೊದಲು ಬಾಯಿಬಿಟ್ಟ ದಿನ ನಾವು ಕಟ್ಟಡದ ಮೇಲಿನ ಗಚ್ಚಿಯಲ್ಲಿದ್ದೆವು. ರವಿವಾರ, ಬೆಳಗಿನ ಬಿಸಿಲು. ಅವನು ನೀರಿನ ಟ್ಯಾಂಕಿನೊಳಗೆ ತೋಳು ಇಳಿಬಿಟ್ಟು ಏನನ್ನೋ ಬಿಗಿ ಮಾಡುತ್ತಿದ್ದ. ಮುಖ ಆ ಕಡೆ. ಅದಕ್ಕೇ ಕೇಳಿದನೇನೋ.

"ಲೇ, ಒಂದು ಕೇಳತೀನಿ. ನಗಬಾರದು."

"ಕೇಳಪಾ."

"ಎಂಜಲಿನಿಂದ ರೋಗ ಹತ್ತತದೇನು?"

"ನೆಗಡಿ ಹತ್ತತದ."

"ನೆಗಡಿ ಅಲ್ಲೋ. ಅದು. ದೊಡ್ಡದು."

ನಾನು ನಕ್ಕೆ. ಅವನೂ ನಕ್ಕ. ಟ್ಯಾಂಕಿನೊಳಗಿಂದ ನಗು ಎರಡಾಗಿ ಕೇಳಿಸಿತು. ಆಮೇಲೆ ತೋಳು ಹೊರಗೆ ತೆಗೆದು, ಒರೆಸಿಕೊಳ್ಳದೆಯೇ ಹೇಳಿದ. ಇಂದಾಪುರದಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳು. ಇಬ್ಬರಿಗೂ ಲಗ್ನವಾಗಿರಲಿಲ್ಲ, ಇಬ್ಬರೂ ಒಂದೇ ಲಾಜಿನಲ್ಲಿ ಇಳಿದಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವಳ ಖೋಲಿಯಲ್ಲಿ ಮುತ್ತು, ಅಪ್ಪುಗೆ, ಕೈಗಳು ಹೋಗುವಲ್ಲಿ ಹೋದವು. ಇನ್ನೂ ಮುಂದೆ ಹೋಗುವ ಹೊತ್ತಿಗೆ ಇವನು ಎದ್ದು ಬಂದ. ಅವಳು ಏನೆಂದಳು ಎಂದು ಕೇಳಿದೆ. "ಚಪ್ಪಲ್ ಬಿಟ್ಟು ಹೊಂಟೀರಿ ಅಂದ್ಲು" ಎಂದ.

ಇಷ್ಟೇ. ಇದು ಅವನ ಮೊದಲ ಹೇಳಿಕೆ. ಇದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ, ಯಾಕೆಂದರೆ ಆಮೇಲೆ ಅವನೇ ಇದನ್ನು ಬಿಟ್ಟುಕೊಟ್ಟ.

ಮೊದಲು ಒಬ್ಬ ಮರಾಠಿ ಡಾಕ್ಟರರ ಹತ್ತಿರ ಒಬ್ಬನೇ ಹೋಗಿ ಬಂದ. ಮರಾಠಿ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಅವನ ಮರಾಠಿಯಲ್ಲಿ ಪೈಪು, ವಾಲ್ವು, ಕಬ್ಬು, ಸಬ್ಸಿಡಿ ಇವಕ್ಕಷ್ಟೇ ಮಾತಿತ್ತು. ಹೊಟ್ಟೆನೋವು ಎಂದು ಹೇಳಿ ಹೊಟ್ಟೆಯ ಗುಳಿಗೆ ತಂದ. ಅದನ್ನು ನುಂಗಿಯೂ ಬಿಟ್ಟ. ಆಮೇಲೆ ನಾನೇ ಅವನನ್ನು ಪಕ್ಕದ ಬಿಬವೇವಾಡಿಗೆ ಕರೆದೊಯ್ದೆ. ಕಾಯಿಪಲ್ಯೆ ಮಂಡಿಯ ಹಿಂದಿನ ಸಣ್ಣ ದವಾಖಾನೆ. ಡಾಕ್ಟರು ಹೆಂಗಸು, ಐವತ್ತರ ಆಸುಪಾಸು. ಬಾಗಿಲ ಮೇಲಿನ ಹೆಸರು ಮರಾಠಿಯವರದಂತಿತ್ತು. ಮರಾಠಿಯಲ್ಲೇ ಶುರು ಮಾಡಿದರು. ನಮ್ಮಿಬ್ಬರ ಗುಸುಗುಸು ಕೇಳಿ ಪೆನ್ನು ಕೆಳಗಿಟ್ಟು, "ಯಾವೂರ್ರಿ?" ಎಂದರು.

ಅವನು ತಟ್ಟನೆ ಎದ್ದು ನಿಂತ. ಕನ್ನಡದವರ ಕಿವಿಗೆ ಬಿದ್ದರೆ ಧಾರವಾಡದ ತನಕ ಮುಟ್ಟುತ್ತದೆ ಎಂಬ ಅಂಜಿಕೆ.

"ಕೂಡ್ರಿ," ಎಂದರು ಡಾಕ್ಟರು. "ನನ್ನ ತವರಮನಿನೂ ಆ ಕಡೇನ ಅದ. ಅದಕ್ಕ ಅಂಜಬ್ಯಾಡ್ರಿ. ಇಲ್ಲಿ ಆಡಿದ್ದು ಈ ಖೋಲಿ ಬಿಟ್ಟು ಹೋಗಂಗಿಲ್ಲ."

"ಒಂದು ತಪ್ಪು ಆಗೇದ್ರಿ, ಮೇಡಂ."

"ತಪ್ಪು-ಒಪ್ಪು ನಿಮ್ಮ ದೇವರಿಗೆ ಹೇಳ್ರಿ. ನನಗ ಏನಾತು ಹೇಳ್ರಿ."

"ಸಂಬಂಧ…"

"ಸಂಬಂಧ ಅಂದ್ರ ಗಂಡು-ಹೆಣ್ಣು ನೋಡೂದಕ್ಕೂ ಅಂತಾರ. ಬಿಡಿಸಿ ಹೇಳ್ರಿ. ಏನು, ಎಲ್ಲಿ ತಾಕಿತು?"

ನನಗೆ ಹೊರಗೆ ಹೋಗಬೇಕೆನಿಸಿತು. ಅವನು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ಡಾಕ್ಟರು ಒಂದೊಂದಾಗಿ ಕೇಳಿದರು, ಅಡಿಗೆಗೆ ಏನೇನು ಹಾಕಿದಿರಿ ಎಂದು ಕೇಳುವವರಂತೆ. ಬಾಯಿಗೆ ಬಾಯಿ? ಹೌದ್ರಿ. ಬಾಯಲ್ಲಿ ಹುಣ್ಣು, ರಕ್ತ, ನಿಮ್ಮದಾಗಲಿ ಅವರದಾಗಲಿ? ಇಲ್ರಿ. ಕೈ? ಹೌದ್ರಿ. ಕೈಗೆ ಹಸಿ ಗಾಯ? ಇಲ್ರಿ. ಅದಕ್ಕೂ ಮುಂದ? ಇಲ್ರಿ, ಎದ್ದು ಬಂದೆ. ಖರೇ? ಖರೇ ಅಂದ್ರ ಖರೇರಿ.

"ಹಂಗಾದ್ರ ಕೇಳ್ರಿ," ಎಂದರು. "ಆ ದೊಡ್ಡ ರೋಗ ಎಂಜಲಿನಿಂದ ಬರಂಗಿಲ್ಲ. ಒಂದ ತಾಟಿನ್ಯಾಗ ಉಂಡ್ರ ಬರಂಗಿಲ್ಲ, ಒಂದ ಲೋಟದಾಗ ಕುಡದ್ರ ಬರಂಗಿಲ್ಲ. ನೀವು ಹೇಳಿದ ಮುತ್ತಿನಿಂದ, ಕೈಯಿಂದನೂ ಬರಂಗಿಲ್ಲ. ಅದು ಬರೂ ದಾರಿ ರಕ್ತ ಮತ್ತ ಪೂರ್ತಿ ಕೂಡಾಟ. ನೀವು ಆ ದಾರಿ ತುಳದಿಲ್ಲ. ಅದಕ್ಕ ಗುಳಿಗಿನೂ ಬ್ಯಾಡ. ಬ್ಯಾರೆ ಸಣ್ಣ ಸೋಂಕು ಚರ್ಮಕ್ಕ ಚರ್ಮ ಹತ್ತಿ, ಬಾಯಿಂದ ಬಾಯಿಗೆ ಹತ್ತಿ ಬರೂದು ಅಪರೂಪಕ್ಕ ಉಂಟು. ಹುಣ್ಣು, ಗುಳ್ಳಿ ಏನರ ಎದ್ರ ಬಂದು ತೋರಸ್ರಿ. ಮನಸ್ಸಿಗೆ ಸಮಾಧಾನ ಬೇಕಂದ್ರ ಆರು ವಾರ ಬಿಟ್ಟು ರಕ್ತ ತಪಾಸ ಮಾಡಿಸ್ರಿ. ಒಮ್ಮೆ. ಆಮ್ಯಾಲೆ ಬಿಟ್ಟಬಿಡ್ರಿ."

"ಒಮ್ಮೆ ಸಾಕ್ರಿ?"

"ಸಾಕ್ರಿ."

"ಪೈಪಿಗೆ ನಾವು ಮೂರು ಸಲ ಪ್ರೆಶರ್ ಕೊಡತೀವ್ರಿ."

"ನೀವು ಪೈಪ್ ಅಲ್ರಿ," ಎಂದರು ಡಾಕ್ಟರು.

ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಅವನು ಗ್ಲಾಸನ್ನು ತುಟಿಗೆ ಹಚ್ಚಿಯೇ ಕುಡಿದ. ನನಗೆ ಅದು ನೆನಪಿದೆ, ಅಥವಾ ಅವತ್ತು ಅವನು ಹಗುರಾಗಿದ್ದ ಎಂಬುದಕ್ಕೆ ಸಾಕ್ಷಿ ಬೇಕೆಂದು ನಾನೇ ಆ ಗ್ಲಾಸನ್ನು ತಂದು ನಿಲ್ಲಿಸಿದ್ದೇನೆ.

ಆರು ವಾರದ ಮೇಲೆ ರಕ್ತ ನೋಡಿಸಿದ. ಏನೂ ಇರಲಿಲ್ಲ. ಪೇಢೆ ತಂದು ನಮ್ಮ ಮನೆಗೆ ಕೊಟ್ಟ. ಯಾತಕ್ಕೆಂದು ನನ್ನ ಹೆಂಡತಿ ಕೇಳಿದಾಗ "ಆರ್ಡರ್ ಸಿಕ್ಕದ, ವೈನಿ" ಎಂದ. ಆ ಪೇಢೆ ಇನ್ನೂ ಡಬ್ಬಿಯಲ್ಲಿರುವಾಗಲೇ ಮತ್ತೆ ಬಂದು, ಬಿಬವೇವಾಡಿಗೆ ಹೋಗೋಣ ನಡಿ ಎಂದ.

ಈ ಸಲ ಅವನ ಹೇಳಿಕೆ ಬೇರೆಯಿತ್ತು. ಬೆರಳಿಗೆ ಗಾಯವಿತ್ತು ಅನಿಸುತ್ತದೆ. ಆ ವಾರ ಪೈಪು ಕೊಯ್ಯುವಾಗ ಬ್ಲೇಡು ತಾಗಿತ್ತು, ಹಿಂದಿನ ದಿನವೋ ಮರುದಿನವೋ ಗೊತ್ತಿಲ್ಲ. ಅವಳ ವಸಡಿನಲ್ಲಿ ರಕ್ತ ಇದ್ದಿರಬಹುದು. ನಕ್ಕಾಗ ಕೆಂಪು ಕಂಡಿತ್ತು, ಎಲೆಯಡಿಕೆಯದೂ ಇರಬಹುದು. ಎದ್ದು ಬಂದದ್ದು ಯಾವಾಗ? ಮುಂದೆ ಹೋಗುವ ಮೊದಲೋ, ಸ್ವಲ್ಪ ಹೋದ ಮೇಲೋ?

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಎಲ್ಲಾ ಹಂಗ ಆಗಿತ್ತು ಅಂತನ ಹಿಡೀರಿ. ಆದ್ರೂ ನಿಮ್ಮ ರಕ್ತ ಚೊಕ್ಕ ಅದ. ಮುಗೀತು. ಇನ್ನೊಂದು ಹೇಳತೀನಿ. ನೀವು ಮೊದಲ್ನೇ ದಿನಾ ಹೇಳಿದ್ದನ್ನ ನಾ ನಂಬತೀನಿ. ಈಗ ಹೇಳಾಕತ್ತಿದ್ದು ನಿಮ್ಮ ಹೆದರಿಕಿ."

"ಇಲ್ರಿ ಮೇಡಂ, ನೆನಪು ಈಗ ಸ್ವಚ್ಛ ಆಗೇದ್ರಿ."

"ಇದಕ್ಕ ಒಬ್ಬ ಬ್ಯಾರೆ ಡಾಕ್ಟರು ಇದ್ದಾರ, ಮನಸ್ಸಿನವರು. ಹೋಗಿ ಬರ್ರಿ. ನಾ ಫೋನ್ ಮಾಡತೀನಿ."

"ನಾ ಹುಚ್ಚ ಅಲ್ರಿ."

"ನೆಗಡಿ ಆದವರೂ ಹುಚ್ಚರಲ್ರಿ," ಎಂದರು. ಅವನು ನಗಲಿಲ್ಲ, ಹೋಗಲೂ ಇಲ್ಲ. ಆಮೇಲೆ ಆ ದವಾಖಾನೆಗೂ ಹೋಗಲಿಲ್ಲ. ಬೇರೆ ಬೇರೆ ಪೇಟೆಯ ಲ್ಯಾಬುಗಳಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದ. ಅವನ ಮೊಣಕೈ ಒಳಗಡೆಯ ಸಣ್ಣ ಕಲೆಗಳಿಂದ ನನಗೆ ತಿಳಿಯುತ್ತಿತ್ತು. ಎಲ್ಲ ಕಡೆಯೂ ಒಂದೇ ಉತ್ತರ, ಏನೂ ಇಲ್ಲ. ಪ್ರತಿ ಸಲವೂ ಕೆಲವು ದಿನ ಹಾಯಾಗಿದ್ದು ಮತ್ತೆ ಜೋಡಣೆಯ ಸುತ್ತ ಹೆಬ್ಬೆರಳು ಆಡಿಸುತ್ತಿದ್ದ.

ಎತ್ತಿ ಕುಡಿಯುವುದು ಶುರುವಾದದ್ದು ಆಗ. ನಮ್ಮ ಕಡೆಯ ಮಡಿವಂತರ ಮನೆಗಳಲ್ಲಿ ಅದೇನು ಹೊಸದಲ್ಲ; ಲೋಟ ಕಚ್ಚಿದರೆ ಎಂಜಲು. ಆದರೆ ಅವನು ಅದನ್ನೆಲ್ಲ ಬಿಟ್ಟು ವರ್ಷಗಳಾಗಿದ್ದವು, ಎಸ್ಟಿ ಸ್ಟ್ಯಾಂಡಿನಲ್ಲಿ ಯಾರದೋ ಬಾಟಲಿಗೆ ಬಾಯಿ ಹಚ್ಚುತ್ತಿದ್ದವನು. ಈಗ ತಾಟು ಬೇರೆ, ತೊಳೆಯುವುದೂ ತಾನೇ. ಕೈತುತ್ತು ಕೊಡಲು ಬಂದ ತಾಯಿಗೆ ಬೇಡವೆನ್ನುತ್ತಿದ್ದ. ಎಂಜಲಿನಿಂದ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಹುಟ್ಟಿದಾಗಿನಿಂದ ಕಲಿತದ್ದು ಕೈಗೆ ಹತ್ತಿತ್ತು.

ಕಾಕೂ, ಅಂದರೆ ಅವನ ತಾಯಿಯನ್ನು ನಾನು ಹಾಗೇ ಕರೆಯುತ್ತಿದ್ದೆ, ಇದನ್ನು ಕಂಡು ಹಿಗ್ಗಿಹೋದರು. "ಪುಣಾಕ್ಕ ಬಂದು ಹುಡುಗ್ರು ಕೆಡತಾರ ಅಂತಾರ. ನಮ್ಮಂವ ನೋಡು, ಇಲ್ಲಿ ಬಂದು ಆಚಾರ ಹಿಡದಾನ! ಅವರಪ್ಪನೂ ಇಷ್ಟು ಇರಲಿಲ್ಲ." ಬಂದವರಿಗೆಲ್ಲ ಹೇಳಿದರು. ಒಳ್ಳೆಯ ಹುಡುಗ ಎಂಬ ಮಾತು ನಮ್ಮ ಜನರ ನಡುವೆ ಹಬ್ಬಿತು. ಒಂದು ಸಂಬಂಧ ಬಂತು. ಅವನು ಬೇಡವೆನ್ನುವ ಮೊದಲೇ ಕಾಕೂ ಹೂಂ ಅಂದುಬಿಟ್ಟಿದ್ದರು.

ಹುಡುಗಿ ಬಿಬವೇವಾಡಿಯವಳು, ಬ್ಯಾಂಕಿನಲ್ಲಿ ಕೆಲಸ. ಹುಡುಗಿ ಎನ್ನುವುದು ರೂಢಿಯ ಮಾತು; ಮೂವತ್ತು ದಾಟಿದ್ದಳು. ತಂದೆ ನಮ್ಮವರು, ತಾಯಿ ಬೇರೆ ಜಾತಿಯಿಂದ ಪ್ರೀತಿಸಿ ಬಂದವರು. ಕಾಕೂ ಅದಕ್ಕೆ ಮೂಗು ಮುರಿಯಲಿಲ್ಲ, ಅದು ಅವರ ದೊಡ್ಡ ಗುಣ. ಅವಳು ಗಟ್ಟಿಯಾಗಿ ನಗುತ್ತಿದ್ದಳು, ನೆಟ್ಟಗೆ ನೋಡುತ್ತಿದ್ದಳು. ಅವನಿಗೆ ಅವಳು ಹಿಡಿಸಿದ್ದಳು. ಇದರಲ್ಲಿ ನನಗೆ ಅನುಮಾನವಿಲ್ಲ. ಅವರ ಮನೆಯ ಅಡಿಗೆಮನೆ ನಲ್ಲಿಯನ್ನು ಎರಡು ಸಲ ರಿಪೇರಿ ಮಾಡಿಕೊಟ್ಟು ಬಂದ. ಎರಡನೆಯ ಸಲ ಅದು ಸೋರುತ್ತಿರಲಿಲ್ಲ.

ಮಾತು ಪಕ್ಕಾ ಆದ ಮೇಲೆ ಒಂದು ಸಂಜೆ ನಾವು ನಾಲ್ಕೂ ಜನ ತಿರುಗಾಡಲು ಹೋಗಿದ್ದೆವು. ಭೇಳ ತಿನ್ನುತ್ತ ನಿಂತಿದ್ದೆವು. ನನ್ನ ಹೆಂಡತಿ, ಭೇಳ ಅಲ್ಲ, ಪಾವಭಾಜಿ ಎನ್ನುತ್ತಾಳೆ. ಆ ಹುಡುಗಿ ಮಾತಿನ ಭರದಲ್ಲಿ ತನ್ನ ಚಮಚವನ್ನು ಅವನ ತಟ್ಟೆಗೆ ಹಾಕಿ ಒಂದು ತುತ್ತು ತೆಗೆದಳು. ಅವನು ಅವಳ ಕೈ ಹಿಡಿದುಬಿಟ್ಟ. ಚಮಚ ಬಾಯಿಗೆ ಹೋಗದಂತೆ, ಬಿಗಿಯಾಗಿ. ಆಮೇಲೆ ಆ ತಟ್ಟೆಯನ್ನು ಒಯ್ದು ಕಸದ ಡಬ್ಬಿಗೆ ಹಾಕಿ ಅವಳಿಗೆ ಹೊಸ ತಟ್ಟೆ ತಂದುಕೊಟ್ಟ.

"ಯಾಕ್ರಿ, ನನ್ನ ಚಮಚ ಹತ್ತಿ ನಿಮ್ಮ ತಾಟು ಮೈಲಿಗಿ ಆತೇನು?" ಎಂದಳು. ನಗುತ್ತಲೇ ಅಂದಳು. ಅವನು ಸಹ ನಗಬೇಕಿತ್ತು.

ಎರಡು ದಿನವಾಗಿತ್ತೋ, ವಾರವೋ. ಅವಳು ಒಬ್ಬಳೇ ಅವರ ಮನೆಗೆ ಬಂದಳು. ನಾನು ಮೇಲೆ ಕಾಕೂ ಅವರೊಂದಿಗೆ ಚಹಾ ಕುಡಿಯುತ್ತಿದ್ದೆ. ಅವನು ಆಗಷ್ಟೇ ಇಂದಾಪುರದಿಂದ ಬಂದು ಕೈಕಾಲು ತೊಳೆದಿದ್ದ. ಅವಳು ಕೂಡಲಿಲ್ಲ.

"ಒಂದ ಕೇಳಲಿಕ್ಕೆ ಬಂದೀನಿ. ಲಗ್ನದ ದಿನಾ ಭೂಮಕ್ಕ ಕೂಡತೀರೋ ಇಲ್ಲೋ?"

ಭೂಮವೆಂದರೆ ನಮ್ಮ ಮದುವೆಗಳಲ್ಲಿ ಗಂಡು-ಹೆಣ್ಣು ಒಂದೇ ತಾಟಿನಲ್ಲಿ ಉಣ್ಣುವ ಊಟ. ಒಬ್ಬರ ಬಾಯಿಗೆ ಒಬ್ಬರು ತುತ್ತಿಡಬೇಕು, ಸುತ್ತಲಿನವರು ಕಾಡಿಸಬೇಕು. ಆ ಊಟ ತಪ್ಪಿಸುವ ದಾರಿ ಯಾವುದಾದರೂ ಉಂಟೇ ಎಂದು ಅವನು ಮೊದಲೇ ನನ್ನನ್ನು ಕೇಳಿದ್ದ.

"ಕೂಡದ ಏನ ಮಾಡತಾನವ್ವ," ಎಂದರು ಕಾಕೂ. "ಅಂವ ಸ್ವಲ್ಪ ಮಡಿ ಜಾಸ್ತಿ. ಲಗ್ನಾದ ಮ್ಯಾಲೆ…"

"ಕಾಕೂ, ನಮ್ಮಜ್ಜಿ ನಮ್ಮವ್ವನ ತಾಟು ಹೊರಗ ಕಟ್ಟಿ ಮ್ಯಾಲೆ ಇಡತಿದ್ಲು. ಬ್ಯಾರೆ ಜಾತಿಯಾಕಿ ಅಂತ. ಅಜ್ಜಿ ಹೋಗೂ ತನಕಾ ನಮ್ಮವ್ವ ಅಲ್ಲೇ ಉಂಡಾಳ. ನಾ ಆ ತಾಟು ನೋಡಕೋತ ಬೆಳದಾಕಿ." ಅವನ ಕಡೆ ತಿರುಗಿದಳು. "ನನಗ ನಿಮ್ಮ ಪೂಜಿ, ಉಪಾಸ ಯಾವುದೂ ತ್ರಾಸಿಲ್ಲ. ಒಂದ ತಾಟಿನ್ಯಾಗ ಕೂಡತೀರೇನು, ಅಷ್ಟ ಹೇಳ್ರಿ."

ಅವನು ನನ್ನ ಕಡೆ ನೋಡಿದ. ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಆ ನೋಟ ಅದನ್ನು ಮತ್ತೆ ಬಿಗಿ ಮಾಡಿತು. ಒಂದು ಮಾತು ಸಾಕಾಗಿತ್ತು. ನಿನ್ನ ಎಂಜಲಿಗೆ ನಾ ಹೇಸೂದಿಲ್ಲ, ನನ್ನದು ನಿನಗ ತಾಕಬಾರದಂತ ಅಂಜತೀನಿ, ಎಂದರೆ ಅವಳು ಕೂತು ಕೇಳುತ್ತಿದ್ದಳು. ಬೈಯುತ್ತಿದ್ದಳೇನೋ. ಆದರೆ ಕೇಳುತ್ತಿದ್ದಳು.

"ನನಗ ಆಗಂಗಿಲ್ಲ," ಎಂದ.

ಅವಳು ತಲೆಯಾಡಿಸಿದಳು. ಕಾಕೂ ಅವರ ಕಾಲಿಗೆರಗಿ ಹೋದಳು. ಅಷ್ಟೇ ಸದ್ದಿಲ್ಲದೆ ಆ ಮದುವೆ ಮುರಿಯಿತು. ಕಾಕೂ ಅವರಿಗೆ ಕೊನೆತನಕ ಅರ್ಥವಾಗಲಿಲ್ಲ. ಮಗನ ಆಚಾರವನ್ನು ಊರ ತುಂಬ ಹೊಗಳಿದವರು ಅದರ ಹೆಸರೆತ್ತುವುದನ್ನೇ ಬಿಟ್ಟರು.

ಮೆಟ್ಟಿಲಲ್ಲಿ ನಾನು ಅವನನ್ನು ಹಿಡಿದು ನಿಲ್ಲಿಸಿದೆ. "ಯಾಕ ಹೇಳಲಿಲ್ಲೋ?"

"ಆಕಿಗೆ ಏನರ ಆಗಿದ್ರ?"

"ಏನೂ ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರಲ್ಲೋ. ರಕ್ತ ಹೇಳೇದಲ್ಲೋ."

"ಡಾಕ್ಟರ್ ಹೇಳ್ಯಾರ. ನಾ ಹೇಳಿದ್ದು ಕೇಳಿ ಹೇಳ್ಯಾರ. ನಾ ಅವರಿಗೆ ಎಲ್ಲಾ ಖರೇ ಹೇಳೀನೋ ಇಲ್ಲೋ, ನನಗ ಗೊತ್ತಿಲ್ಲಲ್ಲಪಾ."

ಈ ಮಾತು ಮಾತ್ರ ನಾನು ಕಲ್ಪಿಸಿಕೊಂಡದ್ದಲ್ಲ. ಅವತ್ತಿನಿಂದ ನನಗೆ ಯಾವ ನೆನಪನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಲೋಟ ಹಿತ್ತಾಳೆಯದೋ ಸ್ಟೀಲಿನದೋ ಎಂದು ನಾನು ತಡಕಾಡಿದರೆ ಯಾರಿಗೂ ನಷ್ಟವಿಲ್ಲ. ಅವನು ಒಂದು ಮಧ್ಯಾಹ್ನವನ್ನು ಹಾಗೆ ತಡಕಾಡುತ್ತ ಕೂತ.

ಆಮೇಲೂ ಅವನು ಬದುಕಿದ್ದ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಟ್ಟಡದ ಎಲ್ಲರ ನಲ್ಲಿ ನೋಡಿಕೊಂಡ. ಕಾಕೂ ಹಾಸಿಗೆ ಹಿಡಿದಾಗ ಅವರ ಎಂಜಲು, ಉಚ್ಚೆ ಎಲ್ಲ ತೆಗೆದ, ಹೇಸದೆ. ಕಾಕೂ ಉಳಿಸಿದ ಗಂಜಿಯನ್ನು ತಾನೇ ಉಣ್ಣುತ್ತಿದ್ದನೆಂದು ನನ್ನ ಹೆಂಡತಿ ಹೇಳುತ್ತಾಳೆ. ಬೇರೆಯವರದು ಅವನಿಗೆ ನಡೆಯುತ್ತಿತ್ತು. ತನ್ನದು ಬೇರೆಯವರಿಗೆ ತಾಕಬಾರದಿತ್ತು. ಮತ್ತೆ ಯಾವ ಸಂಬಂಧಕ್ಕೂ ಹೂಂ ಅನ್ನಲಿಲ್ಲ.

ಮೊನ್ನೆ, ಅವನು ಹೋದ ಕೆಲವು ವಾರಗಳ ಮೇಲೆ, ಬಿಬವೇವಾಡಿಯ ಮಂಡಿಯಲ್ಲಿ ಅವಳು ಸಿಕ್ಕಳು. ಕೂದಲು ನೆರೆತಿದೆ, ನೋಟ ಹಾಗೇ ಇದೆ. ಕೈಚೀಲದಲ್ಲಿ ಮೆಂತ್ಯದ ಕಟ್ಟು.

"ನಿಮ್ಮ ಮಡಿವಂತರು ಹೋದರಂತ," ಎಂದಳು.

"ಅಂವ ಮಡಿವಂತ ಇರಲಿಲ್ರಿ."

"ಮತ್ತೇನ್ರಿ?"

ಸತ್ತವನಿಗೆ ಕೊಟ್ಟ ಭಾಷೆ ಎಲ್ಲಿಯ ತನಕ ಕಟ್ಟುತ್ತದೆಂದು ನಾನು ಯೋಚಿಸುತ್ತ ನಿಂತೆ. "ಅಂಜಿಕಿ ಇತ್ರಿ," ಎಂದೆ. "ನಿಮ್ಮದಲ್ಲ, ತನ್ನದ. ತನ್ನಿಂದ ನಿಮಗ ಏನರ ಹತ್ತತದಂತ ತಿಳಕೊಂಡಿದ್ದ. ಹತ್ತೂವಂಥಾದ್ದು ಏನೂ ಇರಲಿಲ್ಲ."

ಅವಳು ಮೆಂತ್ಯದ ಕಟ್ಟನ್ನು ಚೀಲದೊಳಗೆ ಇನ್ನಷ್ಟು ಒತ್ತಿದಳು. ಮಂಡಿಯವನು ಮರಾಠಿಯಲ್ಲಿ ದಾರಿ ಬಿಡಿ ಎಂದು ಕೂಗಿದ. ನಾವು ಪಕ್ಕಕ್ಕೆ ಸರಿದೆವು.

"ನಾ ಇಷ್ಟು ವರ್ಷ ನಮ್ಮವ್ವನ ತಾಟಿನ ಬಾಜೂಕ್ಕ ಅವರನ್ನ ಕೂಡಿಸಿ ಬೈದೀನಿ," ಎಂದಳು. "ಒಂದ ಮಾತು ಹೇಳಬೇಕಿತ್ರಿ."

"ಹೌದ್ರಿ."

"ಕಡೀಗರ ತಿಳೀತೇನು ಅವರಿಗೆ? ಏನೂ ಇರಲಿಲ್ಲಂತ?"

ಅವಳ ಆ ಪ್ರಶ್ನೆ ಹೊತ್ತು ಮನೆಗೆ ಬಂದ ಮೇಲೆ, ಅವನು ಕೊನೆಯ ಸಲ ನಮ್ಮಲ್ಲಿಗೆ ಬಂದ ದಿನವನ್ನು ತಿರುಗಿ ತಿರುಗಿ ನೋಡಿದೆ. ಅವನಿಗೆಂದು ನನ್ನ ಹೆಂಡತಿ ಬೇರೆಯೇ ಇಟ್ಟಿದ್ದ ಕಪ್ಪಿನಲ್ಲಿ ಚಹಾ ಕೊಟ್ಟಿದ್ದಳು. ನನ್ನದು ಅರ್ಧ ಕುಡಿದು ಪಕ್ಕದಲ್ಲಿಟ್ಟಿದ್ದೆ. ಏನೋ ಮಾತಾಡುತ್ತ ಅವನು ಕೈ ಚಾಚಿ ನನ್ನ ಕಪ್ಪು ಎತ್ತಿಕೊಂಡ. ತುಟಿಗೆ ಹಚ್ಚಿ ಒಂದು ಗುಟುಕು ಕುಡಿದ. ಆಮೇಲೆ ಅದನ್ನು ನನ್ನ ಮುಂದೆ ಇಟ್ಟು ಮಾತು ಮುಂದುವರಿಸಿದ. ಉಳಿದದ್ದನ್ನು ನಾನು ಕುಡಿದೆ. ಅವನು ನೋಡುತ್ತಿದ್ದ, ತಡೆಯಲಿಲ್ಲ.

ಅಥವಾ ನೋಡುತ್ತಿರಲಿಲ್ಲ. ಅದು ನನ್ನ ಕಪ್ಪೆಂದು ಅವನಿಗೆ ತಿಳಿದಿತ್ತೋ, ಮಾತಿನಲ್ಲಿ ಮರೆತಿದ್ದನೋ, ನನಗೆ ಗೊತ್ತಿಲ್ಲ.